ಜಪದ ನಡುವೆ ಬಂದ ಗಿಟಾರ್

ಹಾಡು ಕೇಳಿ ಕೇಳಿ ಮಗ ಕೆಟ್ಟ ಎಂದು ದೂರು ಹೊತ್ತು ಬರುವ ತಂದೆತಾಯಿಯರು ಆಪ್ತಸಲಹೆಗಾರ್ತಿಯಾದ ನನ್ನ ಕೋಣೆಗೆ ಹೊಸಬರಲ್ಲ. ಕಪ್ಪು ಅಂಗಿ, ಎದೆಯ ಮೇಲೆ ತಲೆಬುರುಡೆ, ಕಿವಿಯಲ್ಲಿ ಸದಾ ಹೆಡ್‌ಫೋನ್. ನನ್ನಲ್ಲಿಗೆ ಬರುವ ಹೊತ್ತಿಗೆ ದೃಷ್ಟಿ ತೆಗೆದು, ತಾಯಿತ ಕಟ್ಟಿಸಿ ಆಗಿರುತ್ತದೆ. ಇಂಥ ಹೆಚ್ಚಿನ ಮನೆಗಳಲ್ಲಿ ಹೆದರಿರುವವರು ಹಿರಿಯರು. ಮಕ್ಕಳಿಗೆ ಸಿಟ್ಟು ಬಂದಿರುತ್ತದೆ, ಅಷ್ಟೆ. ಈ ಪ್ರಕರಣದಲ್ಲಿ ಹೆದರಿದ್ದವನು ಹುಡುಗನೇ. ಆಮೇಲೆ ಇದೇ ಬಗೆಯ ಭಯ ಹೊತ್ತ ಇನ್ನೂ ಕೆಲವರನ್ನು ಕಂಡಿದ್ದರಿಂದ, ಅವನ ಮತ್ತು ಅವನ ತಂದೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವನನ್ನು ಶ್ರೀಧರ ಎನ್ನೋಣ. ಮಲೆನಾಡಿನ ಕಡೆಯವನು, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಉಪನಯನವಾದಂದಿನಿಂದ ಸಂಧ್ಯಾವಂದನೆ ಬಿಟ್ಟವನಲ್ಲ. ಕಾಲೇಜಿಗೆ ಬಂದ ಮೇಲೆ ಗೆಳೆಯರ ಮೂಲಕ ಡೆತ್ ಮೆಟಲ್, ಬ್ಲ್ಯಾಕ್ ಮೆಟಲ್ ಎಂಬ, ಅಬ್ಬರದ ಗಿಟಾರಿನ, ಅರಚುವ ದನಿಯ ಉಗ್ರ ರಾಕ್ ಸಂಗೀತ ಹತ್ತಿರವಾಯಿತು. ಬೆಂಗಳೂರಿನಲ್ಲಿ ಇದೇನು ಅಪರೂಪವಲ್ಲ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಎಂಬ ಮೆಟಲ್ ತಂಡಗಳು ನುಡಿಸಿದಾಗ ಕುಣಿದವರಲ್ಲಿ ಎಷ್ಟೋ ಮಂದಿ ಈಗ ಮಕ್ಕಳನ್ನು ಶಾಲೆಗೆ ಬಿಡುವ ಗೃಹಸ್ಥರು. ಶ್ರೀಧರನಿಗೂ ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಬೆಳಿಗ್ಗೆ ಜಪ, ಬಸ್ಸಿನಲ್ಲಿ ಮೆಟಲ್.

ಒಂದು ರಜೆಯಲ್ಲಿ ಊರಿಗೆ ಹೋದಾಗ ಬಂಧುಗಳೊಬ್ಬರು ಅವನ ಹೆಡ್‌ಫೋನ್ ಕಿವಿಗಿಟ್ಟುಕೊಂಡು ನೋಡಿ, ಇದು ತಾಮಸ ಸಂಗೀತ, ಇದನ್ನು ಕೇಳುವ ಕಿವಿಗೆ ಮಂತ್ರ ನಿಲ್ಲುವುದಿಲ್ಲ ಎಂದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಹುಡುಗ ಅಂದೇ ಎಲ್ಲ ಹಾಡುಗಳನ್ನೂ ಫೋನಿನಿಂದ ಅಳಿಸಿದ. ಮರುದಿನ ಗಾಯತ್ರಿ ಜಪಕ್ಕೆ ಕುಳಿತರೆ ತಲೆಯೊಳಗೆ ಗಿಟಾರ್ ಶುರುವಾಯಿತು.

ನನ್ನೆದುರು ಅವನು ತೋರಿಸಿದ್ದು ಹೀಗೆ. ಜಪವನ್ನು ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತಾರೆ: ಉಂಗುರ ಬೆರಳಿನ ನಡುಗೆಣ್ಣಿನಿಂದ ಹೊರಟು, ಕಿರುಬೆರಳನ್ನು ಸುತ್ತಿ, ತೋರುಬೆರಳಿನ ಬುಡಕ್ಕೆ ಬಂದರೆ ಹತ್ತು. ಹೆಬ್ಬೆರಳು ಆರನೆಯ, ಏಳನೆಯ ಗೆಣ್ಣಿಗೆ ಬರುವಷ್ಟರಲ್ಲಿ ಗಿಟಾರಿನ ಒಂದು ಸಾಲು ನುಗ್ಗುತ್ತಿತ್ತು. ಆ ಹತ್ತು ಮೈಲಿಗೆಯಾಯಿತೆಂದು ಮತ್ತೆ ಒಂದರಿಂದ ಶುರು. ಆಮೇಲೆ ಆ ಹತ್ತು ಮಾತ್ರವಲ್ಲ, ಇಡೀ ನೂರೆಂಟು. ಆಮೇಲೆ ಮತ್ತೊಮ್ಮೆ ಸ್ನಾನ. ನನ್ನ ಬಳಿ ಬಂದಾಗ ಬೆಳಗಿನ ಅನುಷ್ಠಾನ ಎರಡೂವರೆ ಗಂಟೆ ಹಿಡಿಯುತ್ತಿತ್ತು, ಮೊದಲ ಎರಡು ತರಗತಿಗಳು ತಪ್ಪುತ್ತಿದ್ದವು. "ಮೇಡಂ, ಹಾಡು ಕೇಳುವುದನ್ನು ಬಿಟ್ಟು ಮೂರು ತಿಂಗಳಾಯಿತು. ಕೇಳುತ್ತಿದ್ದಾಗ ಇಷ್ಟು ಕೇಳಿಸುತ್ತಿರಲಿಲ್ಲ" ಎಂದ.

ಮನಸ್ಸು ಹೀಗೆ ವರ್ತಿಸುವುದರಲ್ಲಿ ಭೂತವೂ ಇಲ್ಲ, ಬಾಧೆಯೂ ಇಲ್ಲ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದನ್ನು ಪೂರ್ತಿಯಾಗಿ ತಡೆಯಲು ಆಗಲಿಲ್ಲ. ಇನ್ನು ನೆನೆಯಬಹುದು ಎಂದ ಮೇಲಂತೂ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಹೆಚ್ಚು ಸಲ ಕರಡಿ ಬಂತು. ಶ್ರೀಧರ ದಿನವೂ ಅದೇ ಪ್ರಯೋಗವನ್ನು ತನ್ನ ಮೇಲೆ ನಡೆಸಿಕೊಳ್ಳುತ್ತಿದ್ದ, ಅದೂ ಪಾಪದ ಭಯ ಬೆರೆಸಿ. ಇದನ್ನು ಅವನಿಗೆ ವಿವರಿಸಿದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಆಹಾರ, ಯಜ್ಞ, ತಪಸ್ಸು, ದಾನಗಳನ್ನು ಮೂರು ಗುಣಗಳಾಗಿ ವಿಂಗಡಿಸುತ್ತದೆ, ಆ ಪಟ್ಟಿಯಲ್ಲಿ ಸಂಗೀತ ಇಲ್ಲ ಎಂದೂ ಹೇಳಿದೆ. ಅವನ ಮುಖ ಅರಳಿತು. ಮುಂದಿನ ವಾರ ಬಂದವನು ಅದೇ ಪ್ರಶ್ನೆ ಕೇಳಿದ: "ಇದು ಪಾಪವಲ್ಲ ತಾನೇ, ಮೇಡಂ?" ಅದರ ಮುಂದಿನ ವಾರವೂ ಅದೇ.

ಮೂರನೆಯ ಸಲ ನಾನು ಉತ್ತರಿಸಲಿಲ್ಲ.

"ಕಳೆದ ವಾರ ಅಲ್ಲ ಎಂದೆನಲ್ಲ. ಆ ಮಾತು ಎಷ್ಟು ಹೊತ್ತು ನಿಂತಿತು?"

ಅವನು ಲೆಕ್ಕ ಹಾಕುವವನಂತೆ ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೆಟ್ರೊ ಇಳಿಯುವವರೆಗೆ" ಎಂದ.

"ಅದಕ್ಕೂ ಮೊದಲು ಯಾರ್ಯಾರನ್ನು ಕೇಳಿದ್ದೀಯ?"

ಅಪ್ಪನನ್ನು, ಊರಿನ ಪುರೋಹಿತರನ್ನು, ಯೂಟ್ಯೂಬಿನಲ್ಲಿ ಪ್ರವಚನ ಮಾಡುವ ಇಬ್ಬರನ್ನು. ಪುರೋಹಿತರು ಪಾಪವಲ್ಲ ಎಂದೇ ಹೇಳಿದ್ದರು. ಅದು ಒಂದು ರಾತ್ರಿ ನಿಂತಿತ್ತು.

ಎಷ್ಟು ತುಂಬಿಸಿದರೂ ಈ ಕೊಡ ತುಂಬುವುದಿಲ್ಲ ಎನ್ನುವುದು ಅವನಿಗೇ ಕಂಡಿತು. ಪ್ರಶ್ನೆ ಸಂಗೀತದ್ದಾಗಿದ್ದರೆ ಒಂದು ಉತ್ತರ ಸಾಕಾಗುತ್ತಿತ್ತು. ಇದು ಗೀಳಿನ ಪ್ರಶ್ನೆ. ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗಿ, ಅದನ್ನು ಸರಿಪಡಿಸಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಈ ಗೀಳು ಮನೋರೋಗ (ಒಸಿಡಿ) ಧರ್ಮದ ವೇಷ ತೊಟ್ಟು ಬಂದಾಗ ಮನೆಯವರು ಅದನ್ನು ಶ್ರದ್ಧೆ ಎಂದು ಮೆಚ್ಚುತ್ತಾರೆ, ಇಲ್ಲವೇ ಗಾಳಿ ಸೋಕಿದೆ ಎಂದು ಹೆದರುತ್ತಾರೆ. ಎರಡರಲ್ಲೂ ಚಿಕಿತ್ಸೆ ತಡವಾಗುತ್ತದೆ.

ಆಗ ಅವನನ್ನು ಕೇಳಿದೆ: "ಸಂಧ್ಯಾವಂದನೆಯ ಕೊನೆಯಲ್ಲಿ ಏನು ಹೇಳುತ್ತೀಯ?" ಅಚ್ಯುತ, ಅನಂತ, ಗೋವಿಂದ, ಈ ಮೂರು ನಾಮಗಳು ಎಂದ. ಏತಕ್ಕೆ? ನಡುವೆ ಆದ ಮಂತ್ರ, ತಂತ್ರ, ಸ್ವರ, ವರ್ಣ ಲೋಪಗಳಿಗೆ ಪ್ರಾಯಶ್ಚಿತ್ತವಾಗಿ. ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ಲೋಪವಾಗುತ್ತದೆ ಎಂದು ಒಪ್ಪಿಕೊಂಡೇ ಹಿಂದಿನವರು ಆ ಕರ್ಮವನ್ನು ಕಟ್ಟಿದ್ದಾರೆ. ಲೋಪವಾದರೆ ಮೊದಲಿನಿಂದ ಶುರು ಮಾಡು ಎಂದು ಅಲ್ಲಿ ಹೇಳಿಲ್ಲ. ಮುಗಿಸು, ಅರ್ಪಿಸು, ಏಳು ಎಂದಿದೆ. "ನೀನು ಅದಕ್ಕಿಂತ ಕಠಿಣವಾದ ಶಾಸ್ತ್ರವೊಂದನ್ನು ನಿನಗಾಗಿಯೇ ಬರೆದುಕೊಂಡಿದ್ದೀಯ" ಎಂದೆ. ಹುಡುಗ ಅತ್ತ. ಆ ದಿನ ಬೇರೇನೂ ಮಾತಾಡಲಿಲ್ಲ.

ಕೊಟ್ಟ ಸಲಹೆ ಇದು: ನೂರೆಂಟನ್ನು ಒಂದೇ ಸಲ ಮಾಡಬೇಕು. ಗಿಟಾರ್ ಬಂದರೆ ಬರಲಿ, ಓಡಿಸಬಾರದು, ಹೆಬ್ಬೆರಳು ಮುಂದಿನ ಗೆಣ್ಣಿಗೆ ಹೋಗಬೇಕು. ನಾಮತ್ರಯವೂ ಒಮ್ಮೆಯೇ, ಅದನ್ನೇ ಹತ್ತು ಸಲ ಹೇಳತೊಡಗಿದರೆ ಗೀಳಿಗೆ ಇನ್ನೊಂದು ಬಾಗಿಲು ತೆರೆದಂತೆ. ಪಾಪವೇ ಎಂದು ಯಾರನ್ನೂ ಕೇಳುವಂತಿಲ್ಲ, ಕೇಳಿದರೆ ಅಪ್ಪ ಉತ್ತರಿಸುವಂತಿಲ್ಲ. ಜೊತೆಗೆ ಮನೋವೈದ್ಯರ ಬಳಿಗೆ ಕಳುಹಿಸಿದೆ, ಏಕೆಂದರೆ ಈ ಮಟ್ಟದ ಗೀಳಿಗೆ ಆಪ್ತಸಲಹೆ ಮಾತ್ರ ಸಾಲದು. ಔಷಧ ಆರಂಭವಾಯಿತು. ಅಲ್ಲಿನ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಭಯಪಡುವುದನ್ನು ಹಂತಹಂತವಾಗಿ ಎದುರಿಸುವ ಕ್ರಮದಲ್ಲಿ, ಅದೇ ಹಾಡುಗಳನ್ನು ಮತ್ತೆ ಕೇಳಿಸಿದರು. ಕೇಳಿ, ಸ್ನಾನ ಮಾಡದೆ, ಸಂಜೆಯ ಜಪಕ್ಕೆ ಕೂರುವುದು. ಮೊದಮೊದಲು ಕೈ ನಡುಗುತ್ತಿತ್ತಂತೆ. ವಾರಗಳು ಕಳೆದಂತೆ ಆತಂಕ ತಾನಾಗಿಯೇ ಇಳಿಯಿತು. ಈಗ ಬೆಳಗಿನ ಅನುಷ್ಠಾನ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಗಿಟಾರ್ ಒಮ್ಮೊಮ್ಮೆ ಬರುತ್ತದೆ, ಹೋಗುತ್ತದೆ.

ಹಾಡು ಕೇಳಿಸಿದ ವಿಷಯ ಬಂಧುಗಳಿಗೆ ಗೊತ್ತಾಗಿ ನನ್ನ ಮೇಲೆ ಆಕ್ಷೇಪ ಬಂತು. ಸಂಸ್ಕಾರವಂತ ಹುಡುಗನಿಗೆ ಸೈತಾನನ ಹಾಡು ಹಚ್ಚಿದವಳು ಎಂದರು. ನಾನು ಅವನ ಧರ್ಮವನ್ನು ಮುಟ್ಟಿಲ್ಲ. ಅವನ ಧರ್ಮವನ್ನು ಅವನಿಗೆ ಮರಳಿಸುವ ಕೆಲಸವನ್ನೇ ಮಾಡಿದ್ದೇನೆ ಎಂಬ ನಂಬಿಕೆ ನನ್ನದು. ಜಪ ಬಿಡು ಎಂದು ಹೇಳಿದ್ದರೆ ಅದು ಸುಲಭದ ದಾರಿಯಾಗುತ್ತಿತ್ತು, ಆದರೆ ಅವನಿಗೆ ಪ್ರಿಯವಾದದ್ದನ್ನು ಕಿತ್ತುಕೊಂಡಂತಾಗುತ್ತಿತ್ತು. ಕಠೋರವಾದ ದನಿಯೆಲ್ಲ ದೈವವಿರೋಧಿ ಎನ್ನುವುದು ನಮ್ಮ ಪರಂಪರೆಯ ಮಾತೂ ಅಲ್ಲ. ಅವನ ಮನೆಯಲ್ಲಿ ಸೋಮವಾರ ಹೇಳುವ ರುದ್ರದ ಮೊದಲ ಮಂತ್ರವೇ ರುದ್ರನ ಕೋಪಕ್ಕೆ ನಮಸ್ಕರಿಸುತ್ತದೆ. ಚಂಡೆಯ ಅಬ್ಬರದಲ್ಲಿ ಯಕ್ಷಗಾನದ ಬಣ್ಣದ ವೇಷ ಅಟ್ಟಹಾಸ ಮಾಡುತ್ತ ರಂಗಕ್ಕೆ ಬರುವುದನ್ನು ನೋಡುತ್ತಲೇ ಆ ಊರಿನ ಮಕ್ಕಳು ಬೆಳೆಯುತ್ತಾರೆ. ಶಾಸ್ತ್ರೀಯ ಸಂಗೀತದಲ್ಲೂ ಆಹಿರಿ ರಾಗ ಹಾಡಿದರೆ ಆ ದಿನ ಊಟ ಸಿಗುವುದಿಲ್ಲ ಎಂಬ ನಂಬಿಕೆ ಇತ್ತು. ವಿದ್ವಾಂಸರು ಅದನ್ನು ಹಾಡುವುದನ್ನೇನೂ ಬಿಡಲಿಲ್ಲ.

ಶ್ರೀಧರನ ತಂದೆಯ ಪ್ರಶ್ನೆ ಬೇರೆಯಾಗಿತ್ತು, ಅದಕ್ಕೆ ತೂಕವಿತ್ತು. ನಾರ್ವೆಯ ಸುದ್ದಿಯನ್ನು ಅವರು ಎಲ್ಲೋ ನೋಡಿದ್ದರು. 1992ರಲ್ಲಿ ಬರ್ಗನ್ ನಗರದ ಫಾಂಟಾಫ್ಟ್‌ನ ಹಳೆಯ ಮರದ ಚರ್ಚು ಸುಟ್ಟುಹೋಯಿತು. ಆ ವರ್ಷಗಳಲ್ಲಿ ಅಲ್ಲಿನ ಬ್ಲ್ಯಾಕ್ ಮೆಟಲ್ ವಲಯದ ಕೆಲವರು ಚರ್ಚುಗಳಿಗೆ ಬೆಂಕಿಯಿಟ್ಟು, ಕೊಲೆ ಮಾಡಿ ಜೈಲು ಸೇರಿದರು. "ಹಾಗಾದರೆ ಪರಿಣಾಮವೇ ಇಲ್ಲ ಎನ್ನುತ್ತೀರಾ?" ಎಂದು ಕೇಳಿದರು. ಇದೆ ಎಂದೆ. ಅಪರಾಧ ಮಾಡಿದವರು ಬೆರಳೆಣಿಕೆಯ ಮಂದಿ, ಆ ಸಂಗೀತ ಕೇಳಿದವರು ಲೋಕದ ತುಂಬ ಇದ್ದಾರೆ. 2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 39 ಅಭಿಮಾನಿಗಳಿಗೆ ಸಿಟ್ಟು ಬರಿಸಿ ನೋಡಿದಾಗ, ಉಗ್ರ ಸಂಗೀತ ಅವರ ಸಿಟ್ಟನ್ನು ಏರಿಸಲಿಲ್ಲ, ಕೆರಳಿಕೆ ಇಳಿಯಿತು. ಆದರೆ ಅವರು ಅದನ್ನು ಪ್ರೀತಿಸುವವರು. ಮೊದಲೇ ಕುಸಿದ ಮನಸ್ಸು ಒಂದೇ ಹಾಡನ್ನು ನಡುರಾತ್ರಿ ಮತ್ತೆ ಮತ್ತೆ ಹಾಕಿಕೊಂಡು ತನ್ನ ನೋವನ್ನೇ ಮೆಲುಕು ಹಾಕುತ್ತಿದ್ದರೆ ಅದು ಕೆಳಗೇ ಎಳೆಯುತ್ತದೆ, ಆ ಹಾಡು ಮೆಟಲ್ ಇರಲಿ, ವಿರಹದ ಭಾವಗೀತೆ ಇರಲಿ. ಭಗವದ್ಗೀತೆಯೇ ಹದಿನಾಲ್ಕನೆಯ ಅಧ್ಯಾಯದಲ್ಲಿ ತಮಸ್ಸು ಪ್ರಮಾದ, ಆಲಸ್ಯ, ನಿದ್ರೆಗಳಿಂದ ಕಟ್ಟಿಹಾಕುತ್ತದೆ ಎನ್ನುತ್ತದೆ. ಹಾಗಾಗಿ ತಂದೆತಾಯಿಯರು ಗಮನಿಸಬೇಕಾದದ್ದು ಹಾಡು ಮುಗಿದ ನಂತರದ ಗಂಟೆಯನ್ನು: ಮಗು ಎದ್ದು ಊಟಕ್ಕೆ ಬರುತ್ತದೆಯೇ, ಗೆಳೆಯರೊಡನೆ ಮಾತಾಡುತ್ತದೆಯೇ, ನಿದ್ದೆ ಸರಿಯಾಗಿದೆಯೇ?

ಊಟ, ಸ್ನೇಹ, ಓದು ಒಂದೊಂದಾಗಿ ಬಿಟ್ಟುಹೋಗುತ್ತಿದ್ದರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತು ಕೇಳಿಬಂದರೆ, ಹಾಡಿನ ಚರ್ಚೆಯನ್ನು ಪಕ್ಕಕ್ಕಿಟ್ಟು ಅಂದೇ ಮನೋವೈದ್ಯರನ್ನು ಕಾಣಿಸಿ. ಯಾರನ್ನು ಕಾಣಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ.