ಶಾಲೆಯ ಪಟ್ಟಿ ಹಿಡಿದು ಅಂಗಡಿಗೆ ಹೋಗುವ ಮುಂಚೆ

ಪ್ರಿಯ ಸೋದರಿ,

ತುಮಕೂರಿನಿಂದ ನೀವು ಬರೆದ ನಾಲ್ಕು ಪುಟದ ಕಾಗದ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ವಿಷಯ ಗೊತ್ತಾಗಬೇಕಲ್ಲ, ಅದಕ್ಕೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಗಳು ಈ ಸಲ ಎಂಟನೇ ಕ್ಲಾಸು, ಮಗ ಮೂರನೇ ಕ್ಲಾಸು. ಇಬ್ಬರದೂ ಒಂದೇ ಖಾಸಗಿ ಶಾಲೆ, ರಾಜ್ಯ ಪಠ್ಯಕ್ರಮ. ಫೀಸಿನ ಮೊದಲ ಕಂತು ಕಟ್ಟಿ ಉಸಿರು ಬಿಡುವಷ್ಟರಲ್ಲಿ ಶಾಲೆಯಿಂದ ಪಟ್ಟಿ ಬಂತು. ಮಗಳ ಪುಸ್ತಕದ ಕಿಟ್ 5,400 ರೂಪಾಯಿ, ಮಗನದು 4,600. ಯೂನಿಫಾರಂ ಎರಡೆರಡು ಜೊತೆ, ಮಗಳಿಗೆ 2,600, ಮಗನಿಗೆ 1,900. ಟೈ, ಬೆಲ್ಟು, ಸಾಕ್ಸು 700. ಕಪ್ಪು ಶೂ, ಬಿಳಿ ಶೂ ಸೇರಿ 2,400. ಬ್ಯಾಗು ಎರಡಕ್ಕೆ 1,800. ಒಟ್ಟು 19,400. ನಿಮ್ಮ ಯಜಮಾನರು ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ, ನೀವು ಮನೆಯಲ್ಲಿ ಬ್ಲೌಸ್ ಹೊಲಿಯುತ್ತೀರಿ. ಗೃಹಲಕ್ಷ್ಮಿಯ ದುಡ್ಡು ಐದು ತಿಂಗಳದ್ದು ಮುಟ್ಟದೆ ಇಟ್ಟಿದ್ದೀರಿ, ಅದು ಹತ್ತು ಸಾವಿರ. ಉಳಿದ 9,400ಕ್ಕೆ ಸಂಘದಲ್ಲಿ ಸಾಲ ತೆಗೆಯಲಾ, ಇಲ್ಲ ಬೆಂಗಳೂರಿಗೆ ಹೋಗಿ ತಂದರೆ ಕಡಿಮೆ ಆಗುತ್ತಾ ಅಂತ ಕೇಳಿದ್ದೀರಿ. ಕೊನೆಗೆ ಒಂದು ಸಾಲು ಬರೆದಿದ್ದೀರಿ: "ಹಳೇ ಪುಸ್ತಕ ತರೋಣ ಅಂದೆ, ಮಗಳು ಊಟ ಬಿಟ್ಟು ಎದ್ದು ಹೋದಳು."

ಆ ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು ಸಾಲದ ವಿಷಯ. ಬೇಡ. ನೋಟ್ ಬುಕ್ಕಿಗೆ, ಬ್ಯಾಗಿಗೆ ಬಡ್ಡಿ ಕಟ್ಟುವ ಹಾಗೆ ಆಗಬಾರದು. ಸಂಘದ ಸಾಲ ಆಸ್ಪತ್ರೆಗೋ ಹೊಲಿಗೆ ಮಿಷನ್ನಿಗೋ ಇರಲಿ. ಇನ್ನು ಬೆಂಗಳೂರಿನ ವಿಷಯ. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕವೂ ಸಿಗುತ್ತೆ, ಹೋಲ್‌ಸೇಲ್ ನೋಟ್ ಬುಕ್ಕೂ ಸಿಗುತ್ತೆ, ನಿಜ. ಶಕ್ತಿ ಯೋಜನೆ ಇರುವುದರಿಂದ ನಿಮಗೆ ಬಸ್ ಚಾರ್ಜೂ ಇಲ್ಲ. ಆದರೆ ಒಂದು ದಿನದ ಹೊಲಿಗೆ ಹೋಯಿತು, ಊಟ ಕಾಫಿ ಆಯಿತು, ಹೊತ್ತು ತರುವ ಭಾರ ಬೇರೆ. ಒಬ್ಬರಿಗಾಗಿ ಹೋದರೆ ಗಿಟ್ಟುವುದಿಲ್ಲ. ನಾಲ್ಕೈದು ಮನೆಯವರ ಲೆಕ್ಕ ಸೇರಿಸಿ ಇಬ್ಬರು ಹೋಗಿ ಡಜನ್ ಲೆಕ್ಕದಲ್ಲಿ ತಂದರೆ ಗಿಟ್ಟುತ್ತೆ. ಅದಕ್ಕಿಂತ ಮುಂಚೆ ಮಾಡುವ ಕೆಲಸ ಮನೆಯಲ್ಲೇ ಇದೆ, ಮತ್ತು ಜಾಸ್ತಿ ದುಡ್ಡು ಉಳಿಯುವುದು ಅಲ್ಲೇ.

ಈ ಭಾನುವಾರ ಮಕ್ಕಳ ಹಳೇ ಬ್ಯಾಗು, ಶೆಲ್ಫು, ಬಟ್ಟೆ ಎಲ್ಲಾ ಹಾಲ್‌ನಲ್ಲಿ ಸುರಿಯಿರಿ. ಕಂಪಾಸ್ ಬಾಕ್ಸಿನಲ್ಲಿ ಕೈವಾರ, ಕೋನಮಾಪಕ ಸರಿ ಇದೆಯಾ ನೋಡಿ. ಸರಿ ಇದ್ದರೆ ಹೊಸ ಬಾಕ್ಸ್ ಯಾಕೆ? ಪೆನ್ಸಿಲ್ ತುಂಡುಗಳನ್ನು ಒಂದು ಡಬ್ಬಕ್ಕೆ ಹಾಕಿ. ಕಳೆದ ವರ್ಷದ ನೋಟ್ ಬುಕ್ಕುಗಳನ್ನು ಒಂದೊಂದಾಗಿ ತಿರುವಿ ಹಾಕಿ. ನಮ್ಮ ಮನೆಯಲ್ಲಿ ಒಂದು ವರ್ಷ ಹೀಗೆ ನೋಡಿದಾಗ ಏಳು ಪುಸ್ತಕದಲ್ಲಿ ಅರ್ಧಕ್ಕರ್ಧ ಖಾಲಿ, ಎರಡರಲ್ಲಿ ಮೊದಲ ಪುಟದಲ್ಲಿ ಹೆಸರು ಬಿಟ್ಟರೆ ಏನೂ ಇಲ್ಲ. ದುಡ್ಡು ಕೊಟ್ಟು ಶಾಲೆಯ ಕಿಟ್‌ನಲ್ಲಿ ತಂದ ಪುಸ್ತಕಗಳವು. ತುಂಬಾ ಬೇಜಾರಾಯಿತು. ಖಾಲಿ ಹಾಳೆಗಳನ್ನು ಹುಷಾರಾಗಿ ಬಿಡಿಸಿ, ಒಂದೇ ಅಳತೆಯವನ್ನು ಜೋಡಿಸಿ, ದಬ್ಬಳದಲ್ಲಿ ದಾರ ಹಾಕಿ ಹೊಲಿದು, ಹಳೇ ರಟ್ಟನ್ನೇ ಹೊದಿಸಿದರೆ ವರ್ಷಕ್ಕಾಗುವಷ್ಟು ರಫ್ ಬುಕ್ ಬರುತ್ತೆ. ನಿಮ್ಮ ಕೈಗೆ ಹೊಲಿಗೆ ಹೇಳಿಕೊಡಬೇಕಾ?

ಈಗ ಯೂನಿಫಾರಂ. ಇಲ್ಲಿ ನಿಮಗೆ ಒಂದು ವಿಷಯ ಗೊತ್ತಿಲ್ಲ ಅಂತ ಕಾಗದ ಓದಿದಾಗ ಅನ್ನಿಸಿತು. "ಶಾಲೆ ಹೇಳಿದ ಅಂಗಡಿಯಲ್ಲೇ ತಗೋಬೇಕಂತೆ" ಅಂತ ಬರೆದಿದ್ದೀರಿ. ಹಾಗಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆಯ ಕೆಳಗೆ 1995ರಲ್ಲಿ ಮಾಡಿದ ನಿಯಮಗಳಿವೆ. ಅದರಲ್ಲಿ 11ನೇ ನಿಯಮ ಯೂನಿಫಾರಂ ಮತ್ತು ಪಠ್ಯಪುಸ್ತಕದ ಬಗ್ಗೆಯೇ ಇದೆ. ಶಾಲೆ ತನ್ನ ಯೂನಿಫಾರಂ ನಿಗದಿ ಮಾಡಬಹುದು, ಆದರೆ ಒಮ್ಮೆ ನಿಗದಿ ಮಾಡಿದ ಮೇಲೆ ಐದು ವರ್ಷ ಬದಲಾಯಿಸುವ ಹಾಗಿಲ್ಲ. ಆಮೇಲೆ ಬದಲಾಯಿಸುವುದಾದರೂ ಒಂದು ವರ್ಷ ಮುಂಚೆ ಪೋಷಕರಿಗೆ ನೋಟಿಸ್ ಕೊಡಬೇಕು. ಬಟ್ಟೆಯನ್ನೋ ಪುಸ್ತಕವನ್ನೋ ಶಾಲೆಯಲ್ಲಿ ಕೊಳ್ಳುವುದು, ಶಾಲೆ ಹೇಳಿದ ಅಂಗಡಿಯಲ್ಲಿ ಕೊಳ್ಳುವುದು, ಶಾಲೆ ಹೇಳಿದ ದರ್ಜಿಯ ಹತ್ತಿರವೇ ಹೊಲಿಸುವುದು, ಇವೆಲ್ಲ ಪೋಷಕರ ಇಷ್ಟಕ್ಕೆ ಬಿಟ್ಟದ್ದು. ದರ್ಜಿಯ ಮಾತು ಕೂಡ ಆ ನಿಯಮದಲ್ಲೇ ಇದೆ! ನೀವೇ ದರ್ಜಿ. ನಿಮ್ಮ ಮಗಳ ಚೂಡಿದಾರ ನೀವು ಹೊಲಿಯಬಾರದು ಅಂತ ಯಾರೂ ಹೇಳುವ ಹಾಗಿಲ್ಲ.

ಏಳನೇ ಕ್ಲಾಸಿನವರೆಗೆ ಸ್ಕರ್ಟ್, ಎಂಟರಿಂದ ಚೂಡಿದಾರ ಅಂತ ಬರೆದಿದ್ದೀರಿ, ಹಾಗಾಗಿ ಮಗಳಿಗೆ ಹೊಸ ಬಟ್ಟೆ ಬೇಕೇ ಬೇಕು. ಬಣ್ಣ ಹೊಂದಬೇಕಲ್ಲ, ಅದಕ್ಕೆ ದೊಡ್ಡ ಕ್ಲಾಸಿನ ಹುಡುಗಿಯ ಒಂದು ಹಳೇ ದುಪಟ್ಟಾ ಕೇಳಿ ತಂದು, ಅದನ್ನು ಹಿಡಿದುಕೊಂಡೇ ಬಟ್ಟೆ ಅಂಗಡಿಗೆ ಹೋಗಿ. ಫೋಟೋ ನೋಡಿ ತರಬೇಡಿ, ಮೊಬೈಲಿನಲ್ಲಿ ಬಣ್ಣ ಬೇರೆ ಕಾಣುತ್ತೆ. ಹೊಲಿಯುವಾಗ ಪಕ್ಕದಲ್ಲಿ ಒಂದೊಂದು ಇಂಚು, ಕೆಳಗೆ ಎರಡು ಇಂಚು ಒಳಗೆ ಮಡಿಸಿ ಬಿಡಿ. ಎಂಟರಿಂದ ಹತ್ತಕ್ಕೆ ಹೋಗುವಷ್ಟರಲ್ಲಿ ಹೆಣ್ಣುಮಕ್ಕಳು ಎಷ್ಟು ಬೆಳೆಯುತ್ತಾರೆ ಅಂತ ನಿಮಗೆ ಗೊತ್ತು. ಮಗನಿಗೆ ಒಂದೇ ಜೊತೆ ಹೊಸದು ಸಾಕು. ಕಳೆದ ವರ್ಷದ್ದರಲ್ಲಿ ಚೆನ್ನಾಗಿರುವುದನ್ನು ಮಡಿಕೆ ಬಿಚ್ಚಿ ಉದ್ದ ಮಾಡಿ, ಅದು ಎರಡನೇ ಜೊತೆ. ಶರ್ಟು ಸಣ್ಣದಾಗಿದ್ದರೆ ಲೋಗೋ ಇರುವ ಜೇಬನ್ನು ಬಿಚ್ಚಿ ಹೊಸ ಬಿಳಿ ಶರ್ಟಿಗೆ ಹಾಕಿ. ಟೈ, ಬೆಲ್ಟು ಬದಲಾಗಿಲ್ಲ ತಾನೇ, ಹಾಗಿದ್ದರೆ ಸಾಕ್ಸು ಮಾತ್ರ ತನ್ನಿ.

ಪುಸ್ತಕದ ಕಿಟ್‌ನಲ್ಲಿ ಹತ್ತು ಸಾವಿರ ಕೂತಿದೆ, ಅದನ್ನು ಬಿಚ್ಚಿ ನೋಡಲೇಬೇಕು. ಆಫೀಸಿಗೆ ಹೋಗಿ ಕಿಟ್‌ನಲ್ಲಿ ಏನೇನಿದೆ, ಒಂದೊಂದರ ಬೆಲೆ ಎಷ್ಟು ಅಂತ ಬರೆದುಕೊಡಿ ಅನ್ನಿ. ಒಬ್ಬರೇ ಹೋಗಬೇಡಿ, ಮೂರು ನಾಲ್ಕು ತಾಯಂದಿರು ಸೇರಿ ಹೋಗಿ. ಜಗಳಕ್ಕೆ ಹೋದ ಹಾಗೆ ಇರಬಾರದು. "ಸರ್, ನಾವು ಕೆಲವು ಪುಸ್ತಕ ಹೊರಗೆ ತಗೋತೀವಿ, ಕೆಲವು ನಿಮ್ಮ ಹತ್ತಿರವೇ ತಗೋತೀವಿ" ಅಂದರೆ ಸಾಕು. "ಮಗುವಿನ ಮೇಲೆ ಸಿಟ್ಟು ಇಟ್ಟುಕೊಂಡರೆ?" ಅಂತ ನೀವು ಹೆದರಿರುವುದು ಸುಮ್ನೆ ಅಲ್ಲ, ಆ ಭಯ ನನಗೂ ಇತ್ತು. ಗುಂಪಾಗಿ ಹೋಗಿ ಅಂದದ್ದು ಅದಕ್ಕೇ. ಅಲ್ಲಾಡುವುದೇ ಇಲ್ಲ ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಎಲ್ಲರ ಸಹಿ ಹಾಕಿ ಅರ್ಜಿ ಕೊಡಬಹುದು, ಅದರಲ್ಲಿ 11ನೇ ನಿಯಮ ಅಂತ ಸ್ಪಷ್ಟವಾಗಿ ಬರೆಯಿರಿ. ಏನೇ ಕೊಂಡರೂ ಬಿಲ್ಲು ಕೇಳಿ. ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ಹಾಕಿದರೂ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಪಟ್ಟಿ ಕೈಗೆ ಬಂದ ಮೇಲೆ ಮೂರು ಗುಂಪು ಮಾಡಿ. ಒಂದು, ಸರ್ಕಾರದ ಪಠ್ಯಪುಸ್ತಕ. ಎರಡು, ಖಾಸಗಿ ಪ್ರಕಾಶಕರ ಪುಸ್ತಕಗಳು, ಅಂದರೆ ಸಾಮಾನ್ಯ ಜ್ಞಾನ, ಕಂಪ್ಯೂಟರ್, ಕೈಬರಹ, ನೀತಿಪಾಠ ಇಂಥವು. ಮೂರು, ನೋಟ್ ಬುಕ್ಕು, ಲೇಬಲ್ಲು, ಕಾಕಿ ಪೇಪರು. ದುಡ್ಡು ಜಾಸ್ತಿ ಹೋಗುವುದು ಎರಡು ಮತ್ತು ಮೂರಕ್ಕೆ. ಮಗನ ಪಟ್ಟಿಯಲ್ಲಿ ಎರಡನೇ ಗುಂಪಿನ ಆರು ಪುಸ್ತಕ ಇವೆ ಅಂತ ಬರೆದಿದ್ದೀರಿ. ಕಳೆದ ವರ್ಷ ಮೂರನೇ ಕ್ಲಾಸಿನಲ್ಲಿದ್ದ ಮಗುವಿನ ಮನೆಯಲ್ಲಿ ಕೇಳಿ, ಅದರಲ್ಲಿ ಎಷ್ಟು ಪುಸ್ತಕವನ್ನು ಕ್ಲಾಸಿನಲ್ಲಿ ನಿಜವಾಗಿ ತೆಗೆಸಿದರು ಅಂತ. ತೆಗೆಸದೇ ಇದ್ದದ್ದನ್ನು ಟೀಚರ್ ಕೇಳಿದ ದಿನ ತಂದರಾಯಿತು.

ಸರ್ಕಾರದ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ಪುಸ್ತಕ ಕೈಗೆ ಬರುವುದು ತಡವಾದರೆ ಮೊದಲ ವಾರ ಮೊಬೈಲಿನಲ್ಲೇ ನೋಡಿ ಓದಬಹುದು. ಹಳೇ ಪುಸ್ತಕ ತರುವಾಗಲೂ ಆ ಪಿಡಿಎಫ್ ತೆರೆದಿಟ್ಟುಕೊಂಡು ಪಾಠಗಳ ಪಟ್ಟಿ ತಾಳೆ ನೋಡಿ. 2022ರಲ್ಲಿ ಪಠ್ಯ ಬದಲಾಯಿತು, 2023ರಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನದಲ್ಲಿ ಮತ್ತೆ ಪಾಠಗಳು ಬದಲಾದವು. ನಾಲ್ಕೈದು ವರ್ಷದ ಹಿಂದಿನ ಪುಸ್ತಕ ತಂದರೆ ಪಾಠವೇ ಸಿಗದೆ ಮಗು ಕ್ಲಾಸಿನಲ್ಲಿ ಕಣ್ಣೀರು ಹಾಕುತ್ತೆ. ಭಾಗ 1, ಭಾಗ 2 ಅಂತ ಇರುವ ಕಡೆ ಎರಡೂ ಇದೆಯಾ ನೋಡಿಕೊಳ್ಳಿ.

ನೋಟ್ ಬುಕ್ಕಿನ ಬಗ್ಗೆ ಒಂದು ಒಳ್ಳೇ ಸುದ್ದಿ. 2025ರ ಸೆಪ್ಟೆಂಬರ್ 22ರಿಂದ ನೋಟ್ ಬುಕ್ಕು, ಪೆನ್ಸಿಲ್ಲು, ಕ್ರೇಯಾನು, ರಬ್ಬರು, ಶಾರ್ಪನರು, ಇವಕ್ಕೆಲ್ಲ ಜಿಎಸ್‌ಟಿ ಇಲ್ಲ. ಮೊದಲು ನೋಟ್ ಬುಕ್ಕಿಗೆ ನೂರಕ್ಕೆ 12 ಇತ್ತು. ಹಳೇ ಸ್ಟಾಕು, ಹಳೇ ಬೆಲೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಡಜನ್ ಲೆಕ್ಕದಲ್ಲಿ ಕೇಳಿ, ರಟ್ಟಿನ ಮೇಲೆ ಅಚ್ಚಾದ ಪುಟಗಳ ಸಂಖ್ಯೆ ನೋಡಿ ಹೋಲಿಸಿ, ಯಾಕೆಂದರೆ ಎರಡು ಪುಸ್ತಕ ನೋಡೋಕೆ ಒಂದೇ ದಪ್ಪ ಇದ್ದರೂ ಪುಟ ಒಂದೇ ಇರುವುದಿಲ್ಲ. ಶಾಲೆಯ ಹೆಸರು ಅಚ್ಚು ಹಾಕಿದ ರಟ್ಟಿಗೆ ದುಡ್ಡು ಕೊಡಬೇಡಿ, ಹೇಗೂ ಬೈಂಡ್ ಹಾಕಿದರೆ ಕಾಣುವುದಿಲ್ಲ. ವರ್ಷಕ್ಕೆ ಬೇಕಾಗುವಷ್ಟನ್ನು ಈಗಲೇ ತರಬೇಡಿ. ಅರ್ಧ ಈಗ, ಅರ್ಧ ದಸರಾ ರಜೆ ಮುಗಿದ ಮೇಲೆ. ಅಷ್ಟರಲ್ಲಿ ಯಾವ ವಿಷಯಕ್ಕೆ ಎಷ್ಟು ಬರೆಸುತ್ತಾರೆ ಅಂತ ಗೊತ್ತಾಗಿರುತ್ತೆ, ಗೃಹಲಕ್ಷ್ಮಿ ದುಡ್ಡೂ ಮತ್ತೆ ಬಂದಿರುತ್ತೆ. 9,400ರ ಕೊರತೆಯಲ್ಲಿ ಒಂದು ಪಾಲು ಹೀಗೆ ಅಕ್ಟೋಬರ್‌ಗೆ ಹೋಗುತ್ತೆ.

ಶೂ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಎರಡು ಸೈಜು ದೊಡ್ಡದು ತಂದು ಮುಂದೆ ಬಟ್ಟೆ ತುರುಕುವುದು ಬೇಡ, ಮಕ್ಕಳು ಎಡವಿ ಬೀಳುತ್ತಾರೆ. ಮುಂದೆ ಹೆಬ್ಬೆರಳಿನಷ್ಟು ಜಾಗ ಇದ್ದರೆ ಸಾಕು. ಸಂಜೆ ಹೊತ್ತು ಮಕ್ಕಳನ್ನು ಕರೆದುಕೊಂಡೇ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತೆ, ಅಳತೆ ಸರಿ ಸಿಗುತ್ತೆ. ಬಿಳಿ ಶೂ ವಾರಕ್ಕೆ ಒಂದೇ ದಿನ ಹಾಕುವುದು, ಅದು ಯಾರದಾದರೂ ಸಣ್ಣದಾದ ಜೋಡಿ ಸಿಕ್ಕರೆ ತೊಳೆದು ಹಾಕಿಸಿ.

ಬ್ಯಾಗು ಎರಡೂ ಜಿಪ್ ಕೆಟ್ಟಿವೆ ಅಂದಿರಿ. ಮುಕ್ಕಾಲು ಪಾಲು ಕೆಡುವುದು ಜಿಪ್ ಅಲ್ಲ, ಅದರ ರನ್ನರ್. ಅದನ್ನು ಬದಲಾಯಿಸೋಕೆ ಹೊಸ ಬ್ಯಾಗಿನ ದುಡ್ಡು ಬೇಡ, ನಿಮ್ಮ ಮಿಷನ್ ಪಕ್ಕದ ಡಬ್ಬದಲ್ಲೇ ರನ್ನರ್ ಇದ್ದರೂ ಇರಬಹುದು. ದೊಡ್ಡ ಬ್ಯಾಗು ತಂದರೆ ಅದು ತುಂಬಿಯೇ ಹೋಗುತ್ತೆ. ನಮ್ಮ ರಾಜ್ಯದಲ್ಲಿ 2019ರಲ್ಲೇ ಆದೇಶ ಆಗಿದೆ, ಮೂರನೇ ಕ್ಲಾಸಿನ ಮಗುವಿನ ಬ್ಯಾಗು 2ರಿಂದ 3 ಕೆಜಿ, ಎಂಟನೇ ಕ್ಲಾಸಿನವರದು 3ರಿಂದ 4 ಕೆಜಿ ದಾಟಬಾರದು ಅಂತ.

ಈಗ ಮಗಳ ಮಾತು. ಹದಿಮೂರು ವರ್ಷದ ಹುಡುಗಿ ಊಟ ಬಿಟ್ಟು ಎದ್ದಳು ಅಂದರೆ ಅದು ಹಟ ಅಲ್ಲ, ನಾಚಿಕೆ. ಹೊಸ ವಿಭಾಗ, ಹೊಸ ಬಟ್ಟೆ, ಎಲ್ಲರೂ ನೋಡುತ್ತಾರೆ ಅನ್ನುವ ವಯಸ್ಸು. ನಾವು ಓದುವಾಗ ಮಾರ್ಚ್‌ನಲ್ಲಿ ಪರೀಕ್ಷೆ ಮುಗಿಯುವ ಮುಂಚೆಯೇ ಮುಂದಿನ ಕ್ಲಾಸಿನವರ ಹತ್ತಿರ ಹೋಗಿ, "ಅಕ್ಕಾ, ನಿನ್ನ ಪುಸ್ತಕ ನನಗೇ ಕೊಡಬೇಕು" ಅಂತ ಮಾತು ತಗೊಳ್ಳುತ್ತಿದ್ದೆವು. ಅರ್ಧ ಬೆಲೆ. ಚೆನ್ನಾಗಿ ಓದುವ ಅಕ್ಕನ ಪುಸ್ತಕಕ್ಕೆ ಪೈಪೋಟಿ ಇರುತ್ತಿತ್ತು, ಯಾಕೆಂದರೆ ಪರೀಕ್ಷೆಗೆ ಬರುವ ಸಾಲುಗಳ ಕೆಳಗೆ ಆಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿರುತ್ತಿದ್ದಳು. ಆಗ ಎಲ್ಲರದೂ ಹಳೇ ಪುಸ್ತಕ, ಅದಕ್ಕೆ ನಾಚಿಕೆ ಇರಲಿಲ್ಲ. ಈಗ ನಿಮ್ಮ ಮಗಳು ಒಬ್ಬಳೇ ಆಗುತ್ತಾಳೆ. ಆ ವ್ಯತ್ಯಾಸವನ್ನು ನಾವು ದೊಡ್ಡವರು ಒಪ್ಪಿಕೊಳ್ಳಬೇಕು. "ನಾವೆಲ್ಲ ಓದಲಿಲ್ವಾ" ಅಂತ ಅವಳಿಗೆ ಹೇಳಬೇಡಿ.

ಹಾಗಾಗಿ ಅವಳನ್ನು ಒಬ್ಬಳೇ ಮಾಡಬೇಡಿ. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಇಷ್ಟು ಹಾಕಿ: "ನಮ್ಮ ಹತ್ತಿರ ಏಳನೇ ಮತ್ತು ಎರಡನೇ ಕ್ಲಾಸಿನ ಪುಸ್ತಕ ಇವೆ, ಬೇಕಾದವರು ತಗೊಳ್ಳಿ. ಎಂಟು ಮತ್ತು ಮೂರನೇ ಕ್ಲಾಸಿನದು ಯಾರ ಹತ್ತಿರವಾದರೂ ಇದ್ದರೆ ತಿಳಿಸಿ." ಮೊದಲು ಕೊಡುತ್ತೇವೆ ಅಂತ ಹೇಳಿ, ಆಮೇಲೆ ಕೇಳಿ. ನಿಮ್ಮ ಹಾಗೇ ಲೆಕ್ಕ ಹಾಕುತ್ತಾ ಸುಮ್ಮನಿರುವ ತಾಯಂದಿರು ಆ ಗ್ರೂಪಿನಲ್ಲಿ ಇದ್ದೇ ಇರುತ್ತಾರೆ. ಆಮೇಲೆ ಮಗಳ ಮುಂದೆ ಪಟ್ಟಿ ಇಟ್ಟು, 19,400 ಎಲ್ಲಿಂದ ಬರುತ್ತೆ ಅಂತ ಇರುವುದನ್ನು ಇದ್ದ ಹಾಗೆ ಹೇಳಿ. ಹೆದರಿಸುವ ಹಾಗಲ್ಲ, ಲೆಕ್ಕ ಹೇಳುವ ಹಾಗೆ. ಒಂದು ವಸ್ತು ಅವಳ ಇಷ್ಟದ್ದು, ಹೊಸದು, ಅಂಗಡಿಯಲ್ಲಿ ಅವಳೇ ಆರಿಸಲಿ. ಬ್ಯಾಗೇ ಬೇಕು ಅಂದರೆ ಬ್ಯಾಗೇ ಕೊಡಿಸಿ, ತಮ್ಮನ ಬ್ಯಾಗಿಗೆ ರನ್ನರ್ ಹಾಕಿದರಾಯಿತು. ಹಳೇ ಪುಸ್ತಕಗಳಿಗೆ ಅವಳ ಜೊತೆ ಕೂತು ಹೊಸ ಕಾಕಿ ಪೇಪರಿನಲ್ಲಿ ಬೈಂಡ್ ಹಾಕಿ, ಹೆಸರು ಅವಳ ಕೈಬರಹದಲ್ಲೇ ಇರಲಿ.

ಮುಂದಿನ ವರ್ಷಕ್ಕೆ ಒಂದು ಮಾತು. ಜೂನ್‌ನಲ್ಲೇ ಬ್ಯಾಂಕಿನಲ್ಲಿ ಹನ್ನೆರಡು ತಿಂಗಳ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಉಳಿತಾಯ, ಶುರು ಮಾಡಿ, ಸಾವಿರವೋ ಐನೂರೋ ಆದಷ್ಟು. ಪೋಸ್ಟ್ ಆಫೀಸಿನ ಆರ್‌ಡಿ ಐದು ವರ್ಷದ್ದು, ಅದು ಈ ಕೆಲಸಕ್ಕೆ ಆಗುವುದಿಲ್ಲ.

ಅಂದ ಹಾಗೆ, ಮಗಳ ಏಳನೇ ಕ್ಲಾಸಿನ ಪುಸ್ತಕ ಇನ್ನೂ ರದ್ದಿಗೆ ಹಾಕಿಲ್ಲ ಅಂದುಕೊಂಡಿದ್ದೇನೆ. ಹಾಕಬೇಡಿ, ಕೆಜಿ ಲೆಕ್ಕದಲ್ಲಿ ಏನೂ ಬರುವುದಿಲ್ಲ. ನಿಮ್ಮ ಕಾಗದದ ಜೊತೆಯಲ್ಲೇ ತುಮಕೂರಿನಿಂದ ಇನ್ನೊಬ್ಬ ತಾಯಿ ಬರೆದ ಕಾಗದವೂ ಬಂದಿದೆ. ಅವರ ಮಗಳು ಈ ಸಲ ಏಳನೇ ಕ್ಲಾಸು, ಅದೇ ರಾಜ್ಯ ಪಠ್ಯಕ್ರಮ. ನೀವು ಹೂಂ ಅಂದರೆ ನಿಮ್ಮ ನಂಬರನ್ನು ಅವರಿಗೆ ಕೊಡುತ್ತೇನೆ.

ಇಂತಿ,
ಸಂಪಾದಕಿ