ಹೆಣ್ಣುಮಗಳೊಬ್ಬಳು ಒಳ್ಳೆಯ ಕೆಲಸಕ್ಕಾಗಿ ಊರೂರು ಸೈಕಲ್ ತುಳಿದರೆ ಪ್ರಯೋಜನ ಇದೆಯಾ?

ನೀವು ಹಾಸನದವರು. ಹೆಣ್ಣುಮಕ್ಕಳ ಓದಿನ ಬಗ್ಗೆ ಹೇಳೋಕೆ ಸೈಕಲ್‌ನಲ್ಲಿ ದೂರದ ಊರುಗಳಿಗೆ ಹೊರಡಬೇಕು ಅಂತಿದ್ದೀರಿ. ಮನೆಯವರು ಮಾತ್ರ "ಕಾರಲ್ಲಿ ಹೋಗಿ ಹೇಳಿದ್ರೂ ಅಷ್ಟೇ ಅಲ್ವಾ" ಅಂತಿದ್ದಾರೆ ಎಂದು ಕೇಳಿದ್ದೀರಿ. ಖಂಡಿತ ಅಷ್ಟೇ ಅಲ್ಲ. ನಾನು ಚಿಕ್ಕಮಗಳೂರಿನವಳು. ಏಳನೇ ಕ್ಲಾಸಿಗೆ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿ ಅಂತ ಹೇಳಿಕೊಂಡು ಮಲೆನಾಡು, ಬಯಲುಸೀಮೆ ಎರಡೂ ಕಡೆ ಕೆಲವು ವರ್ಷಗಳಿಂದ ಸೈಕಲ್ ತುಳಿಯುತ್ತಿದ್ದೇನೆ. ಹಾಗಾಗಿ ಕಂಡದ್ದನ್ನೇ ಹೇಳುತ್ತೇನೆ.

ಬೆವರು ಸುರಿಸಿಕೊಂಡು ಬಂದವಳು ಊರಲ್ಲಿ ಮೊದಲು ಕೇಳೋದು ನೀರು. ನೀರು ಕೊಟ್ಟ ಹೆಂಗಸು ಯಾವೂರು, ಮದುವೆ ಆಗಿದ್ಯಾ, ಒಬ್ಬಳೇ ಬಂದ್ಯಾ, ಹೆದರಿಕೆ ಆಗಲ್ವಾ ಅಂತ ಶುರು ಮಾಡುತ್ತಾಳೆ. ಅಷ್ಟರಲ್ಲಿ ಜಗಲಿ ಮೇಲೆ ಅಕ್ಕಪಕ್ಕದವರೂ ಬಂದು ಕೂತಿರುತ್ತಾರೆ. ಮೈಕೂ ಬೇಡ, ಭಾಷಣವೂ ಬೇಡ. ಕಾರಿನಿಂದ ಇಳಿದವರಿಗೆ ಈ ಮಾತುಕತೆ ಸಿಗಲ್ಲ.

ಅರಸೀಕೆರೆ ಕಡೆ ಒಂದು ಊರಿನ ಹತ್ತಿರ ನನ್ನ ಸೈಕಲ್ ಚೈನ್ ಕಳಚಿತು. ಬೆಳಗ್ಗೆ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಹಿಂದಿನಿಂದ ಒಬ್ಬಳು ಹುಡುಗಿ ಸೈಕಲ್‌ನಲ್ಲಿ ಬಂದಳು, ಹ್ಯಾಂಡಲ್‌ಗೆ ಹಾಲಿನ ಕ್ಯಾನ್ ನೇತುಹಾಕಿದ್ದಳು. "ಬಿಡಿ ಅಕ್ಕ, ನಾನು ಹಾಕ್ತೀನಿ" ಅಂತ ಕ್ಯಾನ್ ಕೆಳಗಿಟ್ಟು ಕೂತೇಬಿಟ್ಟಳು. ಒಂದು ಕಡ್ಡಿಯಿಂದ ಚೈನ್ ಎತ್ತಿ ಹಲ್ಲಿಗೆ ಸಿಕ್ಕಿಸಿದಳು, ಪೆಡಲ್ ಹಿಂದಕ್ಕೆ ತಿರುಗಿಸಿದಳು, ಆಯ್ತು. ಕೈಯ ಮಸಿಯನ್ನು ರಸ್ತೆ ಬದಿಯ ಹುಲ್ಲಿಗೆ ಒರೆಸಿಕೊಂಡಳು. ಯಾವ ಕ್ಲಾಸು ಅಂದೆ. ಏಳಕ್ಕೇ ಬಿಟ್ಟೆ ಅಂದಳು.

ಡೈರಿಗೆ ಹಾಲು ಹಾಕಿ ವಾಪಸ್ ಬರುವಾಗ ಅವಳ ಜೊತೆಗೇ ಮನೆಗೆ ಹೋದೆ. ಅವರಮ್ಮ ಕಾಫಿ ಕೊಟ್ಟು, "ಹೈಸ್ಕೂಲು ದೂರ ಕಣವ್ವ, ಹೆಣ್ಣುಡ್ಗಿ, ದಾರೀಲಿ ಜನ ಇರಲ್ಲ" ಅಂದರು. "ಕತ್ತಲಲ್ಲಿ ಡೈರಿಗೆ ಹೋಗೋ ದಾರೀಲಿ ಜನ ಇರ್ತಾರಾ ಅಮ್ಮಾ?" ಅಂತ ಕೇಳಿದೆ. ಅವರು ಮಾತಾಡಲಿಲ್ಲ. ನಾನೂ ಮುಂದೆ ಏನೂ ಹೇಳಲಿಲ್ಲ. ಜೂನ್‌ನಲ್ಲಿ ಹುಡುಗಿ ಎಂಟನೇ ಕ್ಲಾಸಿಗೆ ಸೇರಿದಳು ಅಂತ ಆ ಊರಿನ ಆಶಾ ಕಾರ್ಯಕರ್ತೆ ಫೋನ್ ಮಾಡಿದರು. ಅವರೂ ಶಾಲೆ ಮೇಷ್ಟ್ರೂ ಮೊದಲಿಂದ ಆ ಮನೆಯ ಬೆನ್ನು ಹತ್ತಿದ್ದರು. ನಾನು ಸುಮ್ನೆ ಒಂದು ಪ್ರಶ್ನೆ ಕೇಳಿದೆ, ಅಷ್ಟೇ. ಆದರೆ ಅವಳ ಹಿಂದೆ ಸೈಕಲ್ ತುಳಿದುಕೊಂಡು ಹೋಗಿರದಿದ್ದರೆ ಆ ಪ್ರಶ್ನೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಇದು ಬರೀ ನನ್ನ ಅನುಭವ ಅಂದುಕೊಳ್ಳಬೇಡಿ. 1990ರ ದಶಕದ ಶುರುವಿನಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನ ಅಕ್ಷರದ ಜೊತೆ ಸೈಕಲ್ ಕಲಿಸೋದನ್ನೂ ಸೇರಿಸಿಕೊಂಡಿತು. ಆಗ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಕಲ್ಲು ಕ್ವಾರಿಯ ಹೆಂಗಸರು, ಕೂಲಿಯವರು, ಅಂಗನವಾಡಿಯವರು ಸಾವಿರಾರು ಜನ ಕಲಿತರು. ಬಿಹಾರದಲ್ಲಿ 2006ರಲ್ಲಿ ಹೈಸ್ಕೂಲು ಸೇರುವ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕ ಹಾಕಿದಾಗ ಹೈಸ್ಕೂಲು ಸೇರುವ ಹುಡುಗಿಯರು ಶೇ 32ರಷ್ಟು ಹೆಚ್ಚಿದ್ದು ಕಂಡಿತು. ಅದರಲ್ಲೂ ಶಾಲೆ ದೂರ ಇದ್ದ ಊರುಗಳಲ್ಲಿ ಜಾಸ್ತಿ. ನಮ್ಮಲ್ಲೂ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಆ ಸೈಕಲ್ ಅಣ್ಣನ ಪಾಲಾದ ಮನೆಗಳನ್ನೂ ನೋಡಿದ್ದೇನೆ, ಸಂಕಟ ಆಗುತ್ತೆ. ಅದಕ್ಕೇ ಹೆಂಗಸೊಬ್ಬಳು ಸೈಕಲ್ ಮೇಲೆ ಊರೊಳಗೆ ಬರೋದು ಮುಖ್ಯ. ಮಧ್ಯಪ್ರದೇಶದ ಆಶಾ ಮಾಲವೀಯ 2022ರ ನವೆಂಬರ್‌ನಲ್ಲಿ ಮಹಿಳಾ ಸುರಕ್ಷತೆಯ ಮಾತು ಹೊತ್ತು ಒಬ್ಬರೇ ದೇಶ ಸುತ್ತೋಕೆ ಹೊರಟರಲ್ಲ, ಅವರನ್ನು ದಾರಿಯಲ್ಲಿ ಕಂಡ ಹುಡುಗಿಯರಿಗೆ ಬೇರೆ ಭಾಷಣ ಬೇಕಿತ್ತಾ?

ನಿಮ್ಮ ತಯಾರಿಗೆ ಬರೋಣ. ಶುರುವಿಗೇ ಶಿರಾಡಿ ಘಾಟಿ ಬೇಡ, ಲಾರಿಗಳ ಕಾಟ ಜಾಸ್ತಿ. ಹಾಸನದಿಂದ ಬೇಲೂರು, ಅಲ್ಲಿಂದ ಚಿಕ್ಕಮಗಳೂರು, ಸುಮಾರು 65 ಕಿ.ಮೀ. ಆಗುತ್ತೆ, ಏರು ಅಷ್ಟೇನೂ ಕಷ್ಟ ಇಲ್ಲ. ಕಡೂರು ಕಡೆ ಇಳಿದರೆ ಎದುರುಗಾಳಿಗೆ ತೊಡೆ ಬಿದ್ದುಹೋಗುತ್ತೆ, ಬೆಳಗ್ಗೆ ಬೇಗ ಹೊರಟು ಹನ್ನೊಂದಕ್ಕೆಲ್ಲ ನಿಲ್ಲಿಸಿ. ಎರಡು ಟ್ಯೂಬ್, ಪಂಪ್, ಪಂಕ್ಚರ್ ಸಾಮಾನು ಇರಲಿ. ರಾತ್ರಿ ಉಳಿಯೋದು ಯಾರ ಮನೆಯಲ್ಲಿ ಅಂತ ಮೇಷ್ಟ್ರು ಅಥವಾ ಆಶಾ ಕಾರ್ಯಕರ್ತೆಯರ ಮೂಲಕ ಮೊದಲೇ ಮಾತಾಡಿಕೊಳ್ಳಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಮಕ್ಕಳ ಸಹಾಯವಾಣಿ 1098 ನಿಮಗಿಂತ ಜಾಸ್ತಿ ಅಲ್ಲಿನ ಹುಡುಗಿಯರಿಗೆ ಬೇಕು. ಬಾಲ್ಯವಿವಾಹದ ಸುದ್ದಿ ಬಂದಾಗ ಕರೆ ಮಾಡೋದು ಹೇಗೆ ಅಂತ ಅವರಿಗೆ ಹೇಳಿಕೊಡಿ.

ಜನವರಿ, ಫೆಬ್ರವರಿ ಒಳ್ಳೆಯದು. ಕಾಫಿ ತೋಟದ ಕೂಲಿಯವರು ಇರೋ ಲೈನ್ ಮನೆಗಳಿಗೆ ಹೋಗೋದಾದರೆ ಸಂಜೆ ಹೊತ್ತು ಹೋಗಿ, ಆಗ ಕಾಫಿ ಕೊಯ್ಲು, ಹಗಲಲ್ಲಿ ತಾಯಂದಿರು ಸಿಗಲ್ಲ. ಯಾವ ಮನೆಯ ಹುಡುಗಿ ಏಳನೇ ಕ್ಲಾಸಲ್ಲಿದ್ದಾಳೆ ಅಂತ ಪುಸ್ತಕದಲ್ಲಿ ಬರೆದುಕೊಳ್ಳಿ. ಶಾಲೆ ಶುರುವಾಗೋ ಹೊತ್ತಿಗೆ ಆ ಎಲ್ಲರ ಮನೆಗೂ ಫೋನ್ ಮಾಡಿ. ಬೇಲೂರಿನಿಂದ ಈಚೆಗಿನ ಊರುಗಳಿಗೆ ಬರುವಾಗ ತಿಳಿಸಿ, ನಾನೂ ಜೊತೆಗೆ ಬರುತ್ತೇನೆ.