ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳ ಬಣ್ಣ ನಿಜವೇ? ಮೂಲ ಕಡತ ನಮಗೂ ಸಿಗುತ್ತದೆಯೇ?

ಸಿಗುತ್ತದೆ, ಅದೂ ಪುಕ್ಕಟೆಯಾಗಿ. ಒಮ್ಮೆ ನೀವೇ ಚಿತ್ರ ಮಾಡಿ ನೋಡಿದರೆ ಬಣ್ಣದ ಅನುಮಾನವೂ ಬಗೆಹರಿಯುತ್ತದೆ.

ವೆಬ್‌ನ ಅವಕೆಂಪು ಕ್ಯಾಮೆರಾ ನಿಯರ್‌ಕ್ಯಾಮ್ 0.6ರಿಂದ 5 ಮೈಕ್ರಾನ್‌ವರೆಗಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಬೆಳಕು ಹಿಡಿಯುತ್ತದೆ. ನಮ್ಮ ಕಣ್ಣಿಗೆ ಸುಮಾರು 0.7 ಮೈಕ್ರಾನ್ ದಾಟಿದ್ದು ಕಾಣುವುದಿಲ್ಲ. ಒಂದೊಂದು ಫಿಲ್ಟರ್‌ನಲ್ಲಿ ಒಂದೊಂದು ಕಪ್ಪು-ಬಿಳುಪು ಚಿತ್ರ ಬರುತ್ತದೆ; ಚಿಕ್ಕ ತರಂಗಾಂತರಕ್ಕೆ ನೀಲಿ, ನಡುವಿನದಕ್ಕೆ ಹಸಿರು, ದೊಡ್ಡದಕ್ಕೆ ಕೆಂಪು ಕೊಡುತ್ತಾರೆ. ತಗ್ಗಿನ ಶ್ರುತಿಯ ಹಾಡನ್ನು ಏರುಶ್ರುತಿಯಲ್ಲಿ ಹಾಡಿದಂತೆ ಇದು, ಸ್ವರಗಳ ಕ್ರಮ ಕೆಡುವುದಿಲ್ಲ.

2022ರ ಜುಲೈನಲ್ಲಿ ಎಲ್ಲರೂ ಹಂಚಿಕೊಂಡ ಕರೀನಾ ನೀಹಾರಿಕೆಯ ಚಿತ್ರವನ್ನೇ ತೆಗೆದುಕೊಳ್ಳಿ. ಬಾಲ್ಟಿಮೋರ್‌ನ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್ ನಡೆಸುವ 'ಮಾಸ್ಟ್' ಎಂಬ ಆನ್‌ಲೈನ್ ಸಂಗ್ರಹದಲ್ಲಿ ಪ್ರಸ್ತಾವ ಸಂಖ್ಯೆ (ವೀಕ್ಷಣೆಯ ಗುರುತಿನ ಸಂಖ್ಯೆ) 2731 ಎಂದು ಹುಡುಕಿ, ನಿಯರ್‌ಕ್ಯಾಮ್‌ನ ಎಫ್090ಡಬ್ಲ್ಯೂ, ಎಫ್200ಡಬ್ಲ್ಯೂ, ಎಫ್444ಡಬ್ಲ್ಯೂ ಫಿಲ್ಟರ್‌ಗಳನ್ನು (ಕ್ರಮವಾಗಿ ಸುಮಾರು 0.9, 2, 4.4 ಮೈಕ್ರಾನ್) ಆರಿಸಿ. ಹೆಸರಿನ ಕೊನೆಯಲ್ಲಿ 'ಐ2ಡಿ' ಇರುವ ಮೂರನೇ ಹಂತದ, ಎಂದರೆ ಪೂರ್ತಿ ಸಂಸ್ಕರಿಸಿ ಜೋಡಿಸಿದ, ಕಡತಗಳಷ್ಟೇ ಸಾಕು. ಜಿಬಿಗಟ್ಟಲೆ ಇರುತ್ತವೆ, ವೈಫೈ ಇರುವಲ್ಲಿ ಇಳಿಸಿಕೊಳ್ಳಿ.

ಇವು 'ಫಿಟ್ಸ್' ಎಂಬ ಖಗೋಳ ಕಡತಗಳು; ಉಚಿತವಾಗಿ ಸಿಗುವ ಫಿಟ್ಸ್ ಲಿಬರೇಟರ್ ತಂತ್ರಾಂಶದಲ್ಲಿ ತೆರೆದರೆ ಮೊದಲು ಕಾಣುವುದು ಬರೀ ಕಪ್ಪು, ಅಲ್ಲಲ್ಲಿ ಬಿಳಿ ಚುಕ್ಕೆ. ಕಡತ ಕೆಟ್ಟಿಲ್ಲ. ನಕ್ಷತ್ರಗಳ ಹೊಳಪಿನ ಮುಂದೆ ದೂಳಿನ ಬೆಳಕು ತೀರಾ ಕ್ಷೀಣ, ಅಷ್ಟೆ. ಮಂದ ಭಾಗಗಳನ್ನು ಎತ್ತಿ ತೋರಿಸುವ ಲಾಗ್ ಸ್ಟ್ರೆಚ್ ಕೊಟ್ಟು, ಕಪ್ಪು ಮಟ್ಟವನ್ನು ಹಿಸ್ಟೋಗ್ರಾಮ್‌ನ (ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ನಕ್ಷೆಯ) ಗುಡ್ಡದ ಎಡ ಬುಡಕ್ಕೆ ತನ್ನಿ. ಗುಡ್ಡದೊಳಗೆ ನುಗ್ಗಿಸಿದಿರೋ, ತೆಳು ದೂಳೆಲ್ಲ ಮಾಯ. ಚಿತ್ರ ಮಾಡುವವರ ವಿವೇಚನೆ ನಿಜವಾಗಿ ಕೆಲಸ ಮಾಡುವುದು ಇಲ್ಲೇ. ಬಣ್ಣದ ಬಗ್ಗೆ ಇಷ್ಟು ಜಗಳವಾಡುವ ನಾವು ಈ ಹಂತದ ಬಗ್ಗೆ ಕೇಳುವುದೇ ಇಲ್ಲ! 16 ಬಿಟ್ ಟಿಫ್ ಆಗಿ ಉಳಿಸಿ. 8 ಬಿಟ್ ಆದರೆ ಮುಂದೆ ಹೊಳಪು ತಿದ್ದುವಾಗ ಪಟ್ಟೆ ಪಟ್ಟೆ ಏಳುತ್ತದೆ.

ಆಮೇಲೆ ಚಿತ್ರ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನಲ್ಲಿ ಮೂರನ್ನೂ ಪದರಗಳಾಗಿ ಇಡಿ. ಎಫ್444ಡಬ್ಲ್ಯೂ ಚಿತ್ರ ಅರ್ಧದಷ್ಟೇ ಇರುತ್ತದೆ, ಏಕೆಂದರೆ ದೀರ್ಘ ತರಂಗದ ಸಂವೇದಕದಲ್ಲಿ ಒಂದು ಪಿಕ್ಸೆಲ್‌ಗೆ 0.063 ಆರ್ಕ್‌ಸೆಕೆಂಡ್ (ಆಕಾಶದ ಕೋನದ ಅಳತೆ, ಡಿಗ್ರಿಯ 3600ನೇ ಒಂದು ಭಾಗ), ಚಿಕ್ಕ ತರಂಗದ್ದರಲ್ಲಿ 0.031. ಸುಮಾರು ಎರಡು ಪಟ್ಟು ಹಿಗ್ಗಿಸಿ, ಮೇಲಿನ ಪದರವನ್ನು 'ಡಿಫರೆನ್ಸ್' ಮೋಡ್‌ಗೆ ಹಾಕಿ, ನಕ್ಷತ್ರಗಳು ಆದಷ್ಟು ಮಂಕಾಗುವವರೆಗೆ ಸರಿಸಿ. ನಡುವೆ ಸರಿಯಾಗಿ ಕೂತು ಅಂಚಿನ ನಕ್ಷತ್ರಗಳಿಗೆ ಮಾತ್ರ ಕೆಂಪು-ನೀಲಿ ನೆರಳು ಬಂದರೆ ತಪ್ಪಿರುವುದು ಜಾಗವಲ್ಲ, ಹಿಗ್ಗಿಸಿದ ಅಳತೆ. ಹೊಂದಿದ ಮೇಲೆ ಮೋಡ್ ಮೊದಲಿನಂತೆ ಮಾಡಿ, ಮೂರೂ ಪದರಗಳನ್ನು ಒಂದೇ ಗಾತ್ರಕ್ಕೆ ಕತ್ತರಿಸಿ, 'ಕಂಪೋಸ್'ನಲ್ಲಿ ಆರ್‌ಜಿಬಿಗೆ (ಕೆಂಪು, ಹಸಿರು, ನೀಲಿ) ಸೇರಿಸಿ; ಕೆಂಪಿಗೆ ಎಫ್444ಡಬ್ಲ್ಯೂ, ಹಸಿರಿಗೆ ಎಫ್200ಡಬ್ಲ್ಯೂ, ನೀಲಿಗೆ ಎಫ್090ಡಬ್ಲ್ಯೂ.

ಪ್ರಖರ ನಕ್ಷತ್ರಗಳ ನಡುವೆ ಕಪ್ಪು ತೂತು ಕಂಡರೆ ಅಲ್ಲಿ ಪಿಕ್ಸೆಲ್ ತುಂಬಿ ಉಕ್ಕಿ, ಅಳತೆ ದಾಖಲಾಗಿಲ್ಲ ಎಂದರ್ಥ. ಬಿಳಿ ತುಂಬಿ, ಅದು ಮೋಸವಲ್ಲ. ನಕ್ಷತ್ರಗಳಿಂದ ಚಾಚಿದ ಎಂಟು ಕಿರಣಗಳನ್ನು ಮಾತ್ರ ಅಳಿಸಬೇಡಿ. ಆರು ದೊಡ್ಡವು ಮುಖ್ಯವಾಗಿ ಷಟ್ಕೋನ ಕನ್ನಡಿಗಳಿಂದ, ಎರಡು ಚಿಕ್ಕವು ಎದುರಿನ ಕನ್ನಡಿ ಹಿಡಿದ ಕಂಬದಿಂದ ಬಂದವು.

ಕಂಪ್ಯೂಟರ್‌ನಲ್ಲಿ 8 ಜಿಬಿ ರ್‍ಯಾಮ್ ಮಾತ್ರ ಇದ್ದರೆ ಕರೀನಾ ಬಿಟ್ಟು ಪ್ರಸ್ತಾವ ಸಂಖ್ಯೆ 2733ರ ಸದರ್ನ್ ರಿಂಗ್ ನೀಹಾರಿಕೆಯಿಂದ ಶುರುಮಾಡಿ. ಚಿಕ್ಕದು, ಗಿಂಪ್ ನಡುವೆ ನಿಂತುಹೋಗುವ ಭಯ ಕಡಿಮೆ.